ದಿನಾ ಸೊಂಟದಲ್ಲಿ ಇಟ್ಟುಕೊಳ್ಳಲು ಯಾವ ಪಿಸ್ತೂಲು?

ನೀವು ಕೇಳಿರೋದು ಇಷ್ಟು: ಡಲ್ಲಾಸ್ ಹತ್ತಿರ ಇದ್ದೀರಿ, ಗ್ರೀನ್ ಕಾರ್ಡ್ ಬಂದಿದೆ, ರಾತ್ರಿ ಪಾಳಿ ಮುಗಿಸಿ ಒಬ್ಬರೇ ಕಾರಿನವರೆಗೆ ನಡೆಯಬೇಕು. ಎಲ್ಲರೂ ಗ್ಲಾಕ್ 19 ಅಂತಾರೆ, ಅದನ್ನೇ ತಗೊಳ್ಳಲಾ?

ಪಿಸ್ತೂಲು ಒಳ್ಳೆಯದೇ. ಆದರೆ ನಾನು ತಗೊಂಡ ಗ್ಲಾಕ್ 19 ಎಂಟು ತಿಂಗಳು ಬೀರುವಿನಲ್ಲೇ ಮಲಗಿತ್ತು. ಹದಿನೈದು ಗುಂಡು ತುಂಬಿದರೆ ಮುಕ್ಕಾಲು ಕೇಜಿ ದಾಟುತ್ತದೆ. ನಾನು ಸಣಕಲು ಮನುಷ್ಯ, ಟೆಕ್ಸಾಸ್ ಬಿಸಿಲಿಗೆ ತೆಳು ಅಂಗಿ ಬೇರೆ. ಮೊದಲ ವಾರ ಹಾಕಿಕೊಂಡೆ, ಎರಡನೇ ವಾರದಿಂದ ‘ಇವತ್ತು ಬೇಡ ಬಿಡು’ ಶುರುವಾಯಿತು.

ಅದಕ್ಕೂ ಮುಂಚೆ ತದ್ವಿರುದ್ಧ ತಪ್ಪು ಮಾಡಿದ್ದೆ. ನಾನು ವಿರಾಜಪೇಟೆ ಕಡೆಯವನು. ಕೊಡವರ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನಿಗೆ ಪಿಸ್ತೂಲು ಯಾವ ಲೆಕ್ಕ ಅಂದುಕೊಂಡು, ಜೇಬಲ್ಲಿ ಹಿಡಿಸುವ, .380 ಅನ್ನೋ ಸಣ್ಣ ತೋಟಾದ ಪುಟಾಣಿ ಪಿಸ್ತೂಲೊಂದನ್ನು ಕೊಂಡೆ. ಕೋವಿಯನ್ನು ಭುಜಕ್ಕೆ ಆನಿಸಿ ಹೊಡೆಯುತ್ತೇವೆ. ಇದಕ್ಕೆ ಆಸರೆ ಬರೀ ಮಣಿಕಟ್ಟು. ಏಳು ಗಜ ದೂರದ ಕಾಗದದ ಮೇಲೆ ನನ್ನ ಗುಂಡುಗಳು ಅಕ್ಕಿ ಚೆಲ್ಲಿದ ಹಾಗೆ ಬಿದ್ದಿದ್ದವು. ಹಗುರವಾದಷ್ಟೂ ಕೈಗೆ ಹೊಡೆತ ಜೋರು. ಐವತ್ತು ತೋಟಾ ಮುಗಿಯುವ ಹೊತ್ತಿಗೆ ಹೆಬ್ಬೆರಳ ಬುಡ ಕೆಂಪಗಾಗಿತ್ತು, ಮತ್ತೆ ಅಭ್ಯಾಸಕ್ಕೆ ಹೋಗಲು ಮನಸ್ಸೇ ಬರಲಿಲ್ಲ.

ಈಗ ಇರೋದು ಸಿಗ್ ಪಿ365. 2018ರಲ್ಲಿ ಬಂದದ್ದು, 9 ಎಂಎಂ, ಮ್ಯಾಗಜೀನಿನಲ್ಲಿ ಹತ್ತು ಗುಂಡು, ಖಾಲಿ ಇದ್ದಾಗ ಸುಮಾರು ಅರ್ಧ ಕೇಜಿ. ಗ್ಲಾಕ್ 43ಎಕ್ಸ್ ಕೂಡ ಹತ್ತು ಗುಂಡಿನದೇ, ತೆಳು, ಹಿಡಿ ಸ್ವಲ್ಪ ಉದ್ದ. ದಪ್ಪ ಬೆರಳಿನವರಿಗೆ ಅದೇ ವಾಸಿ. ಒಂದು ಮಾತು ನೆನಪಿರಲಿ: ನಳಿಕೆ ಪ್ಯಾಂಟಿನೊಳಗೆ ಅಡಗುತ್ತದೆ, ಬಗ್ಗಿದಾಗ ಅಂಗಿಯನ್ನು ಎತ್ತಿ ಗುಟ್ಟು ರಟ್ಟು ಮಾಡೋದು ಹಿಡಿ. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆಯಲು ಕೈಬಲ ಸಾಲದಿದ್ದರೆ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಈಜೀ ನೋಡಿ. ಅದೇ ಕಂಪನಿಯ ಐದು ಗುಂಡಿನ 642 ರಿವಾಲ್ವರ್ ಸರಳ ಅಂತ ಅಂಗಡಿಯವರು ಹೊಸಬರಿಗೆ ತೋರಿಸುತ್ತಾರೆ. ಅದರ ಟ್ರಿಗರ್ ಗಟ್ಟಿ, ಒದೆತವೂ ಜೋರು. ಹೊಸಬರಿಗೆ ನಾನಂತೂ ಹೇಳಲ್ಲ.

ಕೊಳ್ಳುವ ಮುಂಚೆ, ಪಿಸ್ತೂಲು ಬಾಡಿಗೆಗೆ ಕೊಡುವ ರೇಂಜಿಗೆ, ಅಂದರೆ ಗುರಿ ಅಭ್ಯಾಸದ ಜಾಗಕ್ಕೆ ಹೋಗಿ ಮೂರು ನಾಲ್ಕು ಮಾಡೆಲ್ ಹೊಡೆದು ನೋಡಿ. ಕತ್ತು ಮುಚ್ಚುವ ಅಂಗಿ ಹಾಕಿಕೊಂಡು ಹೋಗಿ. ಬಿಸಿ ತೋಟಾ ಚಿಪ್ಪು ಕಾಲರಿನೊಳಗೆ ಬಿದ್ದು ನಾನು ಕುಣಿದದ್ದು ಸಾಕು. ಕುಣಿಯುವಾಗಲೂ ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರಬೇಕು, ಅದು ಬೇರೆ ಕಷ್ಟ.

ಪಿಸ್ತೂಲಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಹೋಲ್‌ಸ್ಟರ್, ಅಂದರೆ ಅದನ್ನು ಸೊಂಟದಲ್ಲಿ ಇಡುವ ಒರೆಯ ಬಗ್ಗೆ. ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನದು, ನಿಮ್ಮ ಮಾಡೆಲ್ಲಿಗೇ ಮಾಡಿದ್ದು, ಟ್ರಿಗರನ್ನು ಪೂರ್ತಿ ಮುಚ್ಚುವಂಥದ್ದು ಬೇಕು. ಮೆತ್ತನೆ ಬಟ್ಟೆಯ ಚೀಲಗಳು ಬೇಡ. ಗ್ಲಾಕ್‌ನಲ್ಲಿ ಬೆರಳಿಂದ ಹಾಕಿ ತೆಗೆಯುವ ಸೇಫ್ಟಿ ಇಲ್ಲ. ಟ್ರಿಗರಿಗೆ ಏನು ಸಿಕ್ಕಿಕೊಂಡರೂ ಗುಂಡು ಹಾರೀತು. ಒಮ್ಮೆ ಪಿಸ್ತೂಲು ಒಳಗೆ ತಳ್ಳುತ್ತಿದ್ದಾಗ ಎಲ್ಲೋ ತಡೆದ ಹಾಗಾಯಿತು. ನಿಲ್ಲಿಸಿ ನೋಡಿದರೆ ಸ್ವೆಟರಿನ ದಾರದ ಗಂಟು ಹೋಲ್‌ಸ್ಟರಿನ ಬಾಯಲ್ಲಿ! ಆವತ್ತೇ ಆ ದಾರ ಕತ್ತರಿಸಿ ಎಸೆದೆ. ಒಳಗಿಡಲು ಅವಸರ ಮಾಡಬೇಡಿ, ಬಗ್ಗಿ ನೋಡಿಕೊಂಡೇ ಇಡಿ. ಜೊತೆಗೆ ಬಗ್ಗದ, ದಪ್ಪ ಬೆಲ್ಟು. ಮಾಮೂಲಿ ಆಫೀಸ್ ಬೆಲ್ಟು ಭಾರಕ್ಕೆ ಜೋಲುತ್ತದೆ.

ಕಾನೂನು: 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ದಾಟಿದ, ಬೇರೆ ಅಡ್ಡಿಯಿಲ್ಲದವರು ಲೈಸೆನ್ಸ್ ಇಲ್ಲದೆಯೂ ಇಟ್ಟುಕೊಳ್ಳಬಹುದು. ಆದರೂ ಲೈಸೆನ್ಸ್ ಮಾಡಿಸಿ. ಪರೀಕ್ಷೆಯ ನೆಪದಲ್ಲಿ ಕಾನೂನು ಓದಿದಂತಾಗುತ್ತದೆ, ಅದನ್ನು ಒಪ್ಪುವ ಬೇರೆ ರಾಜ್ಯಗಳಲ್ಲೂ ಉಪಯೋಗ. ಅಂಗಡಿ, ಆಸ್ಪತ್ರೆ ಬಾಗಿಲಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಬರೆದ 30.06 ಫಲಕ (ಲೈಸೆನ್ಸ್ ಇದ್ದವರೂ ಬಚ್ಚಿಟ್ಟ ಪಿಸ್ತೂಲು ತರಬಾರದು ಅನ್ನೋ ಸೂಚನೆ) ಕಂಡರೆ ಒಳಗೆ ಒಯ್ಯುವಂತಿಲ್ಲ. ಪೋಸ್ಟ್ ಆಫೀಸಿಗಂತೂ ಬೇಡವೇ ಬೇಡ. ನಿಮ್ಮ ಕೆಲಸದ ಜಾಗದ ನಿಯಮ ಮೊದಲು ಕೇಳಿಕೊಳ್ಳಿ, ಪಾಳಿಯ ಹೊತ್ತಿನಲ್ಲಿ ಅದನ್ನು ಎಲ್ಲಿಡುತ್ತೀರಿ ಅನ್ನೋದೇ ದೊಡ್ಡ ಪ್ರಶ್ನೆಯಾದೀತು.

ರೇಂಜಿಗೆ ಜೊತೆಗಾರರಾಗಿ ಎಚ್1ಬಿ ಗೆಳೆಯರನ್ನು ಕರೆದೊಯ್ದು ‘ಒಂದು ಹೊಡೆದು ನೋಡು’ ಅಂತ ಕೈಗೆ ಕೊಡಬೇಡಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಆ ವೀಸಾದವರು ಬಂದೂಕು ಹಿಡಿಯೋದೇ ಫೆಡರಲ್ ಅಪರಾಧ. ಮನೆಯಲ್ಲಿ ಮಕ್ಕಳಿದ್ದರೆ ಬೆರಳಿಟ್ಟು ತೆರೆಯುವ ಸಣ್ಣ ಉಕ್ಕಿನ ಪೆಟ್ಟಿಗೆಯನ್ನೂ ಪಿಸ್ತೂಲಿನ ದಿನವೇ ಕೊಳ್ಳಿ. ತುಂಬಿದ ಬಂದೂಕನ್ನು ಭದ್ರವಾಗಿಡದೆ ಅದು ಮಗುವಿನ ಕೈಗೆ ಸಿಕ್ಕರೆ ಇಲ್ಲಿ ಅಪರಾಧ. ನಮ್ಮ ಮನೆಯಲ್ಲಿ ಆ ಪೆಟ್ಟಿಗೆ ಹಾಸಿಗೆ ಪಕ್ಕದ ಗೂಟಕ್ಕೆ ಸರಪಳಿ ಹಾಕಿಕೊಂಡು ಕೂತಿದೆ, ಮೇಲೆ ಮಗಳು ಅಂಟಿಸಿದ ಚಿಟ್ಟೆ ಸ್ಟಿಕ್ಕರ್.