ಸಿಟ್ಟು ಎಂದು ಕರೆತಂದರು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮೂವರ ಒಪ್ಪಿಗೆಯೂ ಇದೆ.

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು 30ರ ಆಸುಪಾಸಿನ ಯುವಕ. ಎತ್ತರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ 11 ತಿಂಗಳಾಗಿತ್ತು. ಗಾಲಿಕುರ್ಚಿ ತಳ್ಳುತ್ತಾ ಪತ್ನಿ ಬಂದರು, ಆಸ್ಪತ್ರೆಯ ಕಡತವನ್ನು ಎದೆಗವಚಿಕೊಂಡು ತಾಯಿ ಬಂದರು. ದೂರು ಒಂದೇ: ಸಿಟ್ಟು. "ಇದ್ದಕ್ಕಿದ್ದಂತೆ ಮುಖ ಕೆಂಪೇರುತ್ತದೆ ಮೇಡಂ. ಬೆವರುತ್ತಾರೆ, ತಲೆ ಹಿಡಿದುಕೊಂಡು ಕೂಗಾಡುತ್ತಾರೆ. ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತಾರೆ. ಮೊದಲು ಹೀಗಿರಲಿಲ್ಲ" ಎಂದರು ಪತ್ನಿ. ಆತ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದ.

ಮೊದಲ ಎರಡು ಭೇಟಿಗಳಲ್ಲಿ ನಾನೂ ಸಿಟ್ಟಿನ ಬೆನ್ನು ಹತ್ತಿದೆ. ನಡೆದಾಡುತ್ತಿದ್ದವನು ಕುರ್ಚಿಗೆ ಬಿದ್ದಿದ್ದಾನೆ, ದುಡಿಮೆ ನಿಂತಿದೆ. ಸಿಟ್ಟು ಬರದಿದ್ದರೆ ತಾನೇ ಆಶ್ಚರ್ಯ? ಮೂರನೆಯ ಭೇಟಿಯಲ್ಲಿ ಅದು ನನ್ನ ಕಣ್ಣೆದುರೇ ನಡೆಯಿತು. ಮಾತಿನ ನಡುವೆ ಆತನ ಕತ್ತು, ಕೆನ್ನೆ ಕೆಂಡವಾದವು. ಹಣೆಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿದವು. "ತಲೆ ಸಿಡಿಯುತ್ತಿದೆ, ಸುಮ್ಮನಿರಿ ಎಲ್ಲರೂ" ಎಂದು ಅರಚಿದ. "ಇದೇ ಮೇಡಂ ಇವರ ಸಿಟ್ಟು" ಎಂದು ಪತ್ನಿ ಮೆಲ್ಲನೆ ಹೇಳಿದರು. ಮುಖ ಅಷ್ಟು ಕೆಂಪಾಗಿದ್ದರೂ ಚಪ್ಪಲಿಯೊಳಗಿನ ಪಾದಗಳು ಬಿಳಿಚಿಕೊಂಡಿದ್ದವು. ಮುಟ್ಟಿದರೆ ತಣ್ಣಗಿದ್ದವು. ಕೋಪ ಬಂದ ದೇಹ ಎದೆಯ ಮಟ್ಟದಲ್ಲಿ ಗೆರೆ ಎಳೆದಂತೆ ಎರಡಾಗುವುದಿಲ್ಲ.

"ಮೂತ್ರ ತೆಗೆದು ಎಷ್ಟು ಹೊತ್ತಾಯಿತು?" ಎಂದು ಕೇಳಿದೆ. ಏಳು ಗಂಟೆಯಾಗಿತ್ತು. ನೆಟ್ಟಗೆ ಕೂರಿಸಿ, ಕಾಲುಗಳನ್ನು ಇಳಿಬಿಟ್ಟು, ಸೊಂಟದ ಬೆಲ್ಟ್ ಸಡಿಲಿಸಿದೆವು. ಪಕ್ಕದ ಕೋಣೆಯಲ್ಲಿ ಪತ್ನಿ ಕ್ಯಾತಿಟರ್, ಅಂದರೆ ಮೂತ್ರ ಹೊರತೆಗೆಯುವ ಕೊಳವೆ, ಹಾಕಿದರು. ಹತ್ತು ನಿಮಿಷದಲ್ಲಿ ಮುಖದ ಕೆಂಪು ಇಳಿಯಿತು, ತಲೆನೋವೂ ಇಳಿಯಿತು. ಅಂದೇ ಅವರನ್ನು ಪುನರ್ವಸತಿ ವೈದ್ಯರ ಬಳಿ ಕಳುಹಿಸಿದೆ. ನನ್ನ ಅನುಮಾನವನ್ನು ಅವರು ಖಚಿತಪಡಿಸಿದರು: ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ, ಅಂದರೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ರಕ್ತದೊತ್ತಡ ದಿಢೀರನೆ ಏರುವ ಸ್ಥಿತಿ.

ಮುಂದಿನ ಭೇಟಿಯಲ್ಲಿ ಕಾಗದದ ಮೇಲೆ ಚಿತ್ರ ಬರೆದು ಮೂವರಿಗೂ ವಿವರಿಸಿದೆ. ಬೆನ್ನುಹುರಿಯಿಂದ 31 ಜೋಡಿ ನರಗಳು ಹೊರಡುತ್ತವೆ. ಅವುಗಳಲ್ಲಿ ಎದೆಭಾಗದ್ದು 12. ಈತನಿಗೆ ಪೆಟ್ಟಾದದ್ದು ಎದೆಭಾಗದ ನಾಲ್ಕನೆಯ ಮಟ್ಟದಲ್ಲಿ, ಅದೂ ಪೂರ್ಣ ಗಾಯ. ಮೊಲೆತೊಟ್ಟಿನಿಂದ ಕೆಳಗೆ ಸ್ಪರ್ಶವಿಲ್ಲ, ಇಚ್ಛೆಯ ಚಲನೆಯಿಲ್ಲ. ಆದರೆ ಗಾಯದ ಕೆಳಗಿನ ಹುರಿ ಸತ್ತಿಲ್ಲ. ಮಿದುಳಿನ ಜೊತೆಗಿನ ಸಂಪರ್ಕ ಮಾತ್ರ ಕಡಿದುಹೋಗಿದೆ. ಮೂತ್ರಕೋಶ ತುಂಬಿದಾಗ ಅದು ಕೂಗುತ್ತದೆ. ಕೂಗು ಮಿದುಳನ್ನು ಮುಟ್ಟುವುದಿಲ್ಲ, ಕೆಳಗಿನ ಹುರಿಯನ್ನು ಮಾತ್ರ ಕೆರಳಿಸುತ್ತದೆ. ಕೆಳಭಾಗದ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡ ಏರುತ್ತದೆ. ಮಿದುಳಿಗೆ ಏರಿಕೆ ತಿಳಿಯುತ್ತದೆ. ಅದು ಹೃದಯವನ್ನು ನಿಧಾನಿಸಿ, ತನ್ನ ಕೈಗೆಟುಕುವ ನಾಳಗಳನ್ನು ಹಿಗ್ಗಿಸುತ್ತದೆ. ಮುಖ ಕೆಂಪಾಗುವುದು, ಬೆವರುವುದು ಅದರಿಂದ. "ಬಿಗಿ ಸಡಿಲಿಸು" ಎಂಬ ಅದರ ಆಜ್ಞೆ ಗಾಯದ ಕೆಳಕ್ಕೆ ಇಳಿಯಲಾರದು.

ಎದೆಭಾಗದ ಆರನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮುಖ್ಯವಾಗಿ ಇದರ ಅಪಾಯ. ಮಲಬದ್ಧತೆ, ಮಡಿಕೆಬಿದ್ದ ಕ್ಯಾತಿಟರ್, ಒಂದೇ ಕಡೆ ಭಾರ ಬಿದ್ದು ಆಗುವ ಒತ್ತಡದ ಹುಣ್ಣು, ಮಾಂಸದೊಳಗೆ ಬೆಳೆದ ಕಾಲುಗುರು, ಬಿಗಿಯಾದ ಷೂ ಕೂಡ ಇದನ್ನು ಎಬ್ಬಿಸಬಲ್ಲವು. ಇದು ತುರ್ತುಸ್ಥಿತಿ, ಕಾರಣ ತೆಗೆದರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತಾಗಬಹುದು. ಈತನ ರಕ್ತದೊತ್ತಡದ ಮೇಲಿನ ಅಂಕಿ ಮಾಮೂಲಿಯಾಗಿ 100ರ ಸುತ್ತಮುತ್ತ. ಹಾಗಾಗಿ 140 ಎಂದರೆ ಬೇರೆಯವರಿಗೆ ಅಷ್ಟೇನೂ ಅಲ್ಲದಿದ್ದರೂ ಈತನಿಗೆ ದೊಡ್ಡ ಏರಿಕೆ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಸಿ, ವೈದ್ಯರ ಸಹಿ ಹಾಕಿಸಿ, ಸದಾ ಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿದೆ.

ಆದರೆ ಮೂತ್ರ ತೆಗೆಯದೆ ಏಳು ಗಂಟೆ ಬಿಟ್ಟದ್ದು ಯಾಕೆ? ನಾಲ್ಕರಿಂದ ಆರು ಗಂಟೆಗೊಮ್ಮೆ ಎಂದು ಆಸ್ಪತ್ರೆಯಲ್ಲಿ ಕಲಿಸಿ ಕಳುಹಿಸಿದ್ದರು. ಈತನ ಎರಡೂ ಕೈಗಳು ಗಟ್ಟಿಮುಟ್ಟಾಗಿವೆ, ತಾನೇ ಹಾಕಿಕೊಳ್ಳಬಹುದು. ಉಳಿದಿಬ್ಬರನ್ನು ಹೊರಗೆ ಕಳುಹಿಸಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅದನ್ನು ಕಲಿತರೆ, ಇನ್ನು ಇಷ್ಟೇ ಎಂದು ಒಪ್ಪಿಕೊಂಡ ಹಾಗಲ್ಲವಾ ಮೇಡಂ?" ಎಂದ.

ಹತ್ತು ಭೇಟಿಗಳಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಪತ್ನಿ ಮಾಡಿದರೆ ತಾತ್ಕಾಲಿಕ, ತಾನು ಮಾಡಿದರೆ ಶಾಶ್ವತ. ಪತ್ನಿಯನ್ನು ಕರೆಯಲು ನಾಚಿಕೆ, ತಾನೇ ಮಾಡಿಕೊಳ್ಳಲು ಭಯ. ನಡುವೆ ಗಂಟೆಗಳು ಉರುಳುತ್ತಿದ್ದವು. ನಡೆಯುವ ಆಸೆ ಬಿಡು ಎಂದು ನಾನು ಹೇಳಲಿಲ್ಲ. ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಪೂರ್ಣ ಗಾಯವಾಗಿ ಇಷ್ಟು ತಿಂಗಳಾದ ಮೇಲೆ ಕಾಲಿಗೆ ಬಲ ಮರಳುವುದು ತೀರಾ ಅಪರೂಪ ಎಂದು ವೈದ್ಯರು ಹೇಳಿದ್ದನ್ನು ಅವರ ಮಾತಿನಲ್ಲೇ ಇನ್ನೊಮ್ಮೆ ಓದಿ ಹೇಳಿದೆ. "ನಾಳೆ ಬಲ ಬಂದರೆ ಕಲಿತದ್ದರಿಂದ ನಿಮಗೇನೂ ನಷ್ಟವಿಲ್ಲ. ಬರದಿದ್ದರೆ ನಿಮ್ಮ ಮೂತ್ರಪಿಂಡಗಳು ಉಳಿದಿರುತ್ತವೆ" ಎಂದೆ. ಆತ ಅತ್ತ. ನಾನು ತಡೆಯಲಿಲ್ಲ.

ತಾಯಿಯ ವಿಷಯ ಬೇರೆ. ರಾತ್ರಿ ಹಾಸಿಗೆಯಲ್ಲಿ ಮಗನ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತಿತ್ತು, ಪಾದ ಪಟಪಟನೆ ಅದುರುತ್ತಿತ್ತು. "ಕಾಲು ಅಲ್ಲಾಡುತ್ತಿದೆ, ಅವನೇ ಮನಸ್ಸು ಮಾಡುತ್ತಿಲ್ಲ" ಎಂದು ಆಕೆ ನಂಬಿದ್ದರು. ಅದು ಸೆಳೆತ, ಮಿದುಳಿನ ಕಡಿವಾಣ ತಪ್ಪಿದ ಹುರಿಯ ಪ್ರತಿವರ್ತನೆ. ಇದನ್ನು ಹೇಳುವಾಗ ನನ್ನ ಗಂಟಲೂ ಕಟ್ಟಿತು. ಒಬ್ಬ ತಾಯಿಯ ಕೈಯಿಂದ ಕೊನೆಯ ಆಧಾರ ಕಿತ್ತುಕೊಂಡಂತೆ ಅನಿಸಿತು. ಅದಕ್ಕೇ ಆಕೆಗೊಂದು ಕೆಲಸ ಕೊಟ್ಟೆ: ಸೆಳೆತ ಹೆಚ್ಚಾದ ದಿನ ಬರೆದಿಡಿ. ದಿಢೀರನೆ ಹೆಚ್ಚಾದರೆ ಮೂತ್ರದ ಸೋಂಕು, ಹುಣ್ಣು, ಮಲಬದ್ಧತೆ ಇರಬಹುದು. ನೋವು ತಿಳಿಯದ ದೇಹ ಹಾಗೆಯೇ ಸುದ್ದಿ ಕೊಡುತ್ತದೆ. "ಹಾಗಾದರೆ ಕಾಲು ಏನೋ ಹೇಳುತ್ತಿರುವುದು ನಿಜ ತಾನೇ" ಎಂದರು ಆಕೆ. ನಿಜ ಎಂದೆ.

ಚರ್ಮದ ಹೊಣೆಯನ್ನು ಆತನಿಗೇ ವಹಿಸಿದೆವು. 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಅಥವಾ ಪಕ್ಕಕ್ಕೆ ವಾಲಿ ಪೃಷ್ಠದ ಮೇಲಿನ ಭಾರ ಇಳಿಸಬೇಕು. ಬೆಳಗ್ಗೆ, ರಾತ್ರಿ ಉದ್ದ ಹಿಡಿಯ ಕನ್ನಡಿಯಲ್ಲಿ ಬೆನ್ನಿನ ಕೆಳಭಾಗ, ಪೃಷ್ಠ, ಹಿಮ್ಮಡಿ ನೋಡಿಕೊಳ್ಳಬೇಕು. ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳುಪಾಗದ ಕೆಂಪು ಕಂಡರೆ ಆ ಜಾಗದ ಮೇಲೆ ಭಾರ ಬಿಡಲೇಬಾರದು. ಮೊದಲ ವಾರ ಕನ್ನಡಿ ಹಿಡಿಯಲಿಲ್ಲ. ಎರಡನೆಯ ವಾರ ಬಲ ಹಿಮ್ಮಡಿಯ ಕೆಂಪನ್ನು ತಾನೇ ಪತ್ತೆಹಚ್ಚಿದ. ಷೂ ಒತ್ತುತ್ತಿತ್ತು.

ಪತ್ನಿ ಒಬ್ಬರೇ ಬಂದ ದಿನ, "ನಾನು ಇವರ ಹೆಂಡತಿಯೋ ನರ್ಸೋ ನನಗೇ ತಿಳಿಯುತ್ತಿಲ್ಲ" ಎಂದರು. ಇನ್ನೊಂದು ಪ್ರಶ್ನೆ ಬಾಯಿಗೆ ಬರಲು ಅರ್ಧ ಗಂಟೆ ಹಿಡಿಯಿತು. ಇಂಥ ಗಾಯದಲ್ಲಿ ಬಯಕೆಯ ಯೋಚನೆಯಿಂದ ಆಗುವ ಉದ್ರೇಕದ ದಾರಿ ಮುಚ್ಚಿದ್ದರೂ ಸ್ಪರ್ಶದಿಂದ ಆಗುವುದು ಹಲವರಲ್ಲಿ ಉಳಿದಿರುತ್ತದೆ. ಅದರ ಕೊಂಡಿ ಹುರಿಯ ತೀರಾ ಕೆಳತುದಿಯಲ್ಲಿದೆ. ವೀರ್ಯ ಸ್ಖಲನ ಕಷ್ಟ, ಆದರೆ ವೈದ್ಯಕೀಯ ನೆರವಿನಿಂದ ಮಗು ಪಡೆಯುವ ದಾರಿಗಳಿವೆ. ಲೈಂಗಿಕ ಕ್ರಿಯೆಯೂ ರಕ್ತದೊತ್ತಡ ಏರಿಸಬಹುದಾದ್ದರಿಂದ ಮೊದಲು ವೈದ್ಯರೊಡನೆ ಇಬ್ಬರೂ ಮಾತನಾಡಬೇಕು ಎಂದೆ. ಅದಕ್ಕೂ ಮೊದಲು ಕ್ಯಾತಿಟರ್ ಆಕೆಯ ಕೈಯಿಂದ ಆತನ ಕೈಗೆ ಹೋಗಬೇಕು ಎಂದೂ ಹೇಳಿದೆ. ಹಗಲೆಲ್ಲ ಶುಶ್ರೂಷೆ ಮಾಡಿದ ಕೈಗೆ ರಾತ್ರಿ ಪ್ರೀತಿಯ ಕೈಯಾಗುವುದು ಸುಲಭವಲ್ಲ.

ಒಂಬತ್ತನೆಯ ಭೇಟಿ. ಮಾತಾಡುತ್ತಿದ್ದಂತೆ ಆತನ ಮೊಬೈಲ್ ಸಣ್ಣಗೆ ಗುಂಯ್‌ಗುಟ್ಟಿತು. ಪತ್ನಿ ಎದ್ದು ಚೀಲಕ್ಕೆ ಕೈ ಹಾಕಿದರು. "ಕೂತುಕೋ, ನಾನು ಹೋಗುತ್ತೇನೆ" ಎಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಚಕ್ರ ತಿರುಗಿಸಿಕೊಂಡು ಶೌಚಾಲಯದ ಕಡೆ ಹೋದ. ಬಾಗಿಲು ಹಾಕಿದ ಸದ್ದಾಯಿತು. ಪತ್ನಿ ಆ ಬಾಗಿಲನ್ನೇ ಒಂದಿಷ್ಟು ಹೊತ್ತು ನೋಡಿದರು. ನಂತರ ನನ್ನ ಕಡೆ ತಿರುಗಿ, ಅಪಘಾತದ ನಂತರ ಬಿಟ್ಟ ತಮ್ಮ ಕೆಲಸಕ್ಕೆ ಮತ್ತೆ ಸೇರುವ ಬಗ್ಗೆ ಮೊದಲ ಬಾರಿಗೆ ಮಾತು ತೆಗೆದರು.