ದುರ್ಗದಬೈಲಿನ ತಿಂಡಿ ನಡಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊರಗಿನಿಂದ ಬಂದವರನ್ನು ಹುಬ್ಬಳ್ಳಿ-ಧಾರವಾಡದ ಹಳೇ ಪೇಟೆಯಲ್ಲಿ ನಡೆಸಿಕೊಂಡು ಹೋಗಿ, ನಮ್ಮ ಬೀದಿ ತಿಂಡಿಗಳ ರುಚಿ ತೋರಿಸುವುದು ಹೇಗೆ ಎಂದು ಕೇಳಿ ಈ ಸಲ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಂಗಳೂರಿನಿಂದ, ಆಗಾಗ ಹೊರದೇಶದಿಂದ ಬರುವ ಹತ್ತು-ಹನ್ನೆರಡು ಜನರ ಗುಂಪಿಗೆ ನಮ್ಮೂರ ಹಳೇ ಪೇಟೆ ದುರ್ಗದಬೈಲಿನಲ್ಲಿ ಸಂಜೆಯ ತಿಂಡಿ ನಡಿಗೆ ಶುರು ಮಾಡಬೇಕೆಂದಿದ್ದೇನೆ. ಹನ್ನೆರಡು ಅಂಗಡಿಗಳ ಪಟ್ಟಿ ಸಿದ್ಧವಿದೆ. ಎರಡು ತಾಸಿನಲ್ಲಿ ಮುಗಿಯುತ್ತದೆಯೇ? ಯಾವುದು ಮೊದಲು, ಯಾವುದು ಕೊನೆಗೆ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಮುಗಿಯುವುದಿಲ್ಲ. ಅಂಗಡಿಗಳನ್ನು ಐದಕ್ಕೆ, ಜನರನ್ನು ಎಂಟಕ್ಕೆ ಇಳಿಸಿ. ಒಂದು ಗಾಡಿಯ ಮುಂದೆ ನಿಂತು, ಮಾಡುವುದನ್ನು ನೋಡಿ, ತಿಂದು, ಕೈ ಒರೆಸಿಕೊಂಡು ಹೊರಡಲು ಕನಿಷ್ಠ ಹದಿನೈದು ನಿಮಿಷ ಬೇಕು. ಎಂಟಕ್ಕಿಂತ ಹೆಚ್ಚು ಜನ ಗಾಡಿಯ ಸುತ್ತ ನಿಂತರೆ ಆ ವ್ಯಾಪಾರಿಯ ಖಾಯಂ ಗಿರಾಕಿಗಳಿಗೆ ದಾರಿ ಇರುವುದಿಲ್ಲ, ಹಿಂದೆ ನಿಂತವರಿಗೆ ನಿಮ್ಮ ಮಾತೂ ಕೇಳಿಸುವುದಿಲ್ಲ. ಇನ್ನು ಹೊಟ್ಟೆಯ ಲೆಕ್ಕ. ದೊಡ್ಡವರೊಬ್ಬರು ಒಂದು ಸಂಜೆಗೆ ಆರಾಮಾಗಿ ತಿನ್ನುವುದು ಹೆಚ್ಚೆಂದರೆ 350-400 ಗ್ರಾಂ. ಮೊದಲ ಎರಡು ಅಂಗಡಿಯಲ್ಲೇ ಪೂರ್ತಿ ಪ್ಲೇಟು ಕೊಟ್ಟರೆ ಮೂರನೆಯದರಲ್ಲಿ ಎಲ್ಲರೂ ಮುಖ ನೋಡುತ್ತಾರೆ. ಎಂಟು ಜನರಿಗೆ ಮೂರು ಪ್ಲೇಟ್ ಗಿರಮಿಟ್ (ಹುಣಸೆ ಮಸಾಲೆ ಕಲಸಿದ ಚುರುಮುರಿ), ತಲೆಗೊಂದು ಮಿರ್ಚಿ ಬಜ್ಜಿ, ಎರಡು ಪ್ಲೇಟ್ ಪಾವ್‌ಭಾಜಿ ಸಾಕು. ಖಾಲಿ ಪ್ಲೇಟು, ಚಮಚ ಹೆಚ್ಚಿಗೆ ಕೇಳಿ ಪಡೆದು ಹಂಚಿ.

ಸಂಜೆ ಆರೂವರೆಯ ಸುಮಾರಿಗೆ ಶುರು ಮಾಡಿ. ಆಗ ಬಾಣಲೆಯ ಎಣ್ಣೆ ಹೊಸದು, ವ್ಯಾಪಾರಿಗೂ ಮಾತಾಡುವಷ್ಟು ಪುರುಸೊತ್ತು ಇರುತ್ತದೆ. ಎಂಟು ಗಂಟೆ ದಾಟಿದರೆ ಎರಡೂ ಇರುವುದಿಲ್ಲ. ಕರಿದದ್ದು ಮೊದಲು ಬರಲಿ ಎನ್ನುವುದೂ ಇದೇ ಕಾರಣಕ್ಕೆ: ಮಿರ್ಚಿ, ಜೊತೆಗೆ ಗಿರಮಿಟ್. ಆಮೇಲೆ ಹದಿನೈದು-ಇಪ್ಪತ್ತು ನಿಮಿಷ ಏನೂ ತಿನ್ನಿಸದೆ ಪೇಟೆ ತೋರಿಸಿ. 18ನೇ ಶತಮಾನದಲ್ಲಿ, ಸವಣೂರು ನವಾಬರ ಆಳ್ವಿಕೆಯಲ್ಲಿ, ಬಸಪ್ಪ ಶೆಟ್ಟರ್ ಎಂಬ ವ್ಯಾಪಾರಿ ಇದೇ ಕೋಟೆ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಬೆಳೆಸಿದ. ಸುತ್ತಲಿನ ಓಣಿಗಳು ಇಂದಿಗೂ ವ್ಯಾಪಾರದ ಓಣಿಗಳೇ. ಬಟ್ಟೆ, ಪಾತ್ರೆ, ಕಿರಾಣಿ ಸಂತೆ ಮುಗಿಸಿ ಹಸಿದು ಬರುವ ಜನರನ್ನು ನಂಬಿಕೊಂಡೇ ಈ ತಿಂಡಿ ಗಾಡಿಗಳು ನಿಂತಿವೆ. ಈ ಮಾತನ್ನು ಅಲ್ಲೇ, ಕಿರಾಣಿ ಅಂಗಡಿಯ ಮುಂದೆ, ಒಣಮೆಣಸಿನಕಾಯಿ ಚೀಲ ತೋರಿಸುತ್ತ ಹೇಳಿ. ಬಸ್ಸಿನಲ್ಲಿ ಕೂತು ಹೇಳಿದರೆ ಯಾರಿಗೂ ನಾಟುವುದಿಲ್ಲ.

ನಡಿಗೆಯ ನಂತರ ತವೆಯ ಮೇಲೆ ಬೇಯುವ ಒಂದು ತಿಂಡಿ: ಪಾವ್‌ಭಾಜಿ ಅಥವಾ ದೋಸೆ. ನಂತರ ಬಿಸಿ ಜಿಲೇಬಿ, ಕಡೆಗೆ ಎಲೆ ಅಡಿಕೆ. ಸಿಹಿ ತಿಂದ ನಾಲಿಗೆಗೆ ಹುಣಸೆಹಣ್ಣಿನ ಹುಳಿ ಇದ್ದದ್ದಕ್ಕಿಂತ ಜಾಸ್ತಿ ಅನಿಸುತ್ತದೆ, ಆದ್ದರಿಂದ ಜಿಲೇಬಿಯನ್ನು ನಡುವೆ ತರಬೇಡಿ.

ಪಟ್ಟಿ ಮಾಡುವಾಗ ಬಹಳ ಮಂದಿ ಮರೆಯುವುದು ಶೌಚಾಲಯ ಮತ್ತು ಕೂಡುವ ಜಾಗ. ಗುಂಪು ಸೇರುವುದೇ ಒಂದು ಹೋಟೆಲಿನಲ್ಲಿ ಆಗಲಿ. ಚಹಾ ಕುಡಿದು, ಕೈ ತೊಳೆದು, ಅಲ್ಲಿಂದ ಹೊರಡಿ. ವಯಸ್ಸಾದವರಿದ್ದರೆ ಮೂರನೇ ನಿಲುಗಡೆ ಕುರ್ಚಿ ಇರುವ ಅಂಗಡಿಯೇ ಆಗಿರಬೇಕು. ವಾಹನವನ್ನು ಓಣಿಗಳೊಳಗೆ ತರಬೇಡಿ, ಸಿಬಿಟಿ ಬಸ್ ನಿಲ್ದಾಣದ ಕಡೆಯಿಂದ ನಡೆದೇ ಬನ್ನಿ. ಗಣೇಶೋತ್ಸವದ ಹನ್ನೊಂದು ದಿನ ಮತ್ತು ದೀಪಾವಳಿಗೆ ಮುಂಚಿನ ವಾರ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ರಂಗಪಂಚಮಿಯ ದಿನವಂತೂ ನಡಿಗೆ ಇಟ್ಟುಕೊಳ್ಳಲೇಬೇಡಿ.

ಕೊನೆಯದಾಗಿ, ಇದು ಜೀವದ ಪ್ರಶ್ನೆ: ಬುಕಿಂಗ್ ಮಾಡುವಾಗಲೇ ಪ್ರತಿಯೊಬ್ಬರನ್ನೂ ಶೇಂಗಾ ಅಲರ್ಜಿ ಇದೆಯೇ ಎಂದು ಕೇಳಿ. ನಮ್ಮ ಕಡೆಯ ಅಡುಗೆಯಲ್ಲಿ ಶೇಂಗಾ ಎಲ್ಲಿಲ್ಲ? ಗಿರಮಿಟ್ಟಿನ ಮೇಲೆ, ಚಟ್ನಿಯಲ್ಲಿ, ಪಲ್ಯದಲ್ಲಿ, ಎಷ್ಟೋ ಕಡೆ ಕರಿಯುವ ಎಣ್ಣೆಯಲ್ಲೂ. ತೀವ್ರ ಅಲರ್ಜಿ ಇದ್ದವರನ್ನು ಬೀದಿ ತಿಂಡಿಗೆ ಕರೆದುಕೊಂಡು ಹೋಗಬಾರದು. ಒಂದೇ ಸೌಟು, ಒಂದೇ ಬಾಣಲೆ ಎಲ್ಲದಕ್ಕೂ ಬಳಕೆಯಾಗುತ್ತದೆ. ಗೋಧಿ ಆಗದವರಿಗೆ ಕಡಲೆಹಿಟ್ಟಿನ ಬಜ್ಜಿ ಸುರಕ್ಷಿತ ಎಂದುಕೊಳ್ಳಬೇಡಿ. ಪೇಟೆಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ.

ಪ್ರಶ್ನೆ: ನಮ್ಮೂರಿನ ಮೆಣಸಿನಕಾಯಿ ಕಂಡರೇ ಅತಿಥಿಗಳು ಹೆದರುತ್ತಾರೆ. ಕೆಂಪಗಿರುವುದನ್ನೆಲ್ಲ ಬದಿಗೆ ಸರಿಸುತ್ತಾರೆ. ಏನು ಮಾಡುವುದು?
(ಬ್ಯಾಡಗಿ, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮೂರ ಕಾಯಿಯ ಹೆಸರು ಇರುವುದು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ. ಅದರಲ್ಲೂ ಸುಕ್ಕುಸುಕ್ಕಾದ ಡಬ್ಬಿ ತಳಿ. ಗುಂಪಿಗೆ ಇದನ್ನು ತೋರಿಸಿಯೇ ಹೇಳಿ. ಬಾಯಿ ಉರಿಸುವುದು ಹಸಿಮೆಣಸಿನಕಾಯಿ, ಅಂದರೆ ಮಿರ್ಚಿಯ ಒಳಗಿನದು ಮತ್ತು ಗಿರಮಿಟ್ಟಿನ ಮಸಾಲೆಯದು. ಖಾರ ಹೆಚ್ಚಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರಿನಲ್ಲಿ. ಮಿರ್ಚಿಯನ್ನು ಉದ್ದಕ್ಕೆ ಸೀಳಿ ಆ ನಾರನ್ನು ಕೆರೆದು ತೆಗೆದು ಕರಿದುಕೊಡಲು ಮೊದಲೇ ಹೇಳಿಟ್ಟರೆ ಬಹುತೇಕರು ಒಂದು ಪೂರ್ತಿ ತಿನ್ನುತ್ತಾರೆ.

ಉರಿ ಹತ್ತಿದಾಗ ನೀರು ಕೊಡಬೇಡಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ನೀರು ಅದನ್ನು ಬಾಯಿ ತುಂಬ ಹರಡುತ್ತದೆ ಅಷ್ಟೇ. ಮೊಸರು, ಹಾಲು, ಪೇಢಾ, ಯಾವುದಾದರೂ ಸರಿ. ಬೀದಿಯ ಮಜ್ಜಿಗೆಗೆ ಯಾವ ನೀರು ಬೆರೆಸಿದ್ದಾರೋ ತಿಳಿಯದಿದ್ದರೆ, ಹೊರದೇಶದವರಿಗೆ ಪ್ಯಾಕೆಟ್ ಮೊಸರೇ ವಾಸಿ. ಅದನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಿ.

ಪ್ರಶ್ನೆ: ಅಂಗಡ್ಯಾಗಿನ ಗಿರಮಿಟ್ ತಿನ್ನೂ ತನಕ ಗರಿಗರಿ ಇರ್ತದ. ಮನ್ಯಾಗ ಮಾಡಿದ್ದು ತಟ್ಟಿಗೆ ಹಾಕೂದ್ರಾಗ ಮೆತ್ತಗಾಗ್ತದ. ತಪ್ಪು ಎಲ್ಲಿ ಆಗಾಕತ್ತೈತಿ?
(ನವನಗರ, ಹುಬ್ಬಳ್ಳಿ)

ಉತ್ತರ: ತಪ್ಪು ಮಸಾಲೆಯಲ್ಲಿರುವ ನೀರಿನದು. ಗಾಡಿಯವರ ಪಾತ್ರೆಯನ್ನು ಗಮನಿಸಿ ನೋಡಿ: ಅವರ ಮಸಾಲೆ ಗೊಜ್ಜಿನಂತೆ ಗಟ್ಟಿ, ಅಂಚಿನಲ್ಲಿ ಎಣ್ಣೆ ಬಿಟ್ಟಿರುತ್ತದೆ.

ನಾಲ್ಕು ಜನರಿಗೆ ಚುರುಮುರಿ 120 ಗ್ರಾಂ, ಎಣ್ಣೆ ನಾಲ್ಕು ದೊಡ್ಡ ಚಮಚ, ಉಳ್ಳಾಗಡ್ಡಿ ಎರಡು, ಹಸಿಮೆಣಸಿನಕಾಯಿ ಐದು, ಹುಣಸೆಹಣ್ಣು 15 ಗ್ರಾಂ, ಬೆಲ್ಲವೂ ಅಷ್ಟೇ, ಪುಟಾಣಿ (ಹುರಿಗಡಲೆ) ಹಿಟ್ಟು 40 ಗ್ರಾಂ. ಹುಣಸೆಹಣ್ಣನ್ನು ಅರ್ಧ ಬಟ್ಟಲು ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಕಿವುಚಿ. ಇದಕ್ಕಿಂತ ಹೆಚ್ಚು ನೀರು ಬೇಡ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ ಹಾಕಿ ಬಾಡಿಸಿ, ಕಾಲು ಚಮಚ ಅರಿಶಿನ ಸೇರಿಸಿ. ಹುಣಸೆ ರಸ, ಬೆಲ್ಲ, ಉಪ್ಪು ಹಾಕಿ ಆರೇಳು ನಿಮಿಷ ಕುದಿಸಿ. ಎಣ್ಣೆ ಬದಿಗೆ ಬರಬೇಕು, ಸೌಟು ಎಳೆದರೆ ತಳದಲ್ಲಿ ದಾರಿ ಉಳಿಯಬೇಕು. ಬಹುಪಾಲು ಮನೆಗಳಲ್ಲಿ ಇದಕ್ಕೂ ಮುಂಚೆಯೇ ಒಲೆ ಆರಿಸುತ್ತಾರೆ. ಉಪ್ಪಿನಲ್ಲಿ ಕೈ ಹಿಡಿತವಿರಲಿ, ನಮ್ಮ ಕಡೆಯ ಚುರುಮುರಿಯಲ್ಲೇ ಉಪ್ಪಿರುತ್ತದೆ.

ಮಸಾಲೆ ಉಗುರುಬೆಚ್ಚಗಾಗುವ ತನಕ ಕಾಯಿರಿ. ಬಿಸಿ ಮಸಾಲೆಯ ಹಬೆಯೇ ಚುರುಮುರಿಯನ್ನು ಮೆತ್ತಗೆ ಮಾಡುತ್ತದೆ. ಅಷ್ಟರಲ್ಲಿ ಚುರುಮುರಿಯನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ ಆರಿಸಿ. ಮಳೆಗಾಲದಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಅಗಲ ಪಾತ್ರೆಯಲ್ಲಿ ಚುರುಮುರಿಗೆ ಮಸಾಲೆ ಹಾಕಿ, ಕೂಡಲೇ ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೈಯಿಂದ ಬೇಗ ಬೇಗ ಕಲಸಿ. ಉಳಿದ ತೇವವನ್ನು ಹಿಟ್ಟು ಹೀರಿಕೊಳ್ಳುತ್ತದೆ. ಹಸಿ ಉಳ್ಳಾಗಡ್ಡಿ, ಬೀಜ ತೆಗೆದ ಟೊಮೆಟೊ, ಕೊತ್ತಂಬರಿ, ಸೇವು ಕೊನೆಗೆ. ಟೊಮೆಟೊ ಬೀಜದ ರಸ ಸೇರಿದರೆ ಇಷ್ಟು ಹೊತ್ತಿನ ಎಚ್ಚರವೆಲ್ಲ ನೀರುಪಾಲು. ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ ಕಲಸಿ. ಎಷ್ಟೇ ಚೆನ್ನಾಗಿ ಮಾಡಿದರೂ ಇದರ ಆಯುಸ್ಸು ಐದು ನಿಮಿಷ, ಅಂಗಡಿಯಲ್ಲಿ ಗಿರಾಕಿ ಬಂದ ಮೇಲೆಯೇ ಕಲಸುವುದು ಅದಕ್ಕೇ.

ಪ್ರಶ್ನೆ: ಬಜ್ಜಿ ಕರಿಯುವ ಎಣ್ಣೆ ಹಳೆಯದೋ ಹೊಸದೋ ಎಂದು ಗಿರಾಕಿ ಗುರುತಿಸುವುದು ಹೇಗೆ?
(ಬೆಟಗೇರಿ, ಗದಗ)

ಉತ್ತರ: ಬಣ್ಣವೊಂದನ್ನೇ ನಂಬಬೇಡಿ. ಅರಿಶಿನ, ಉದುರಿದ ಹಿಟ್ಟಿನ ಕಣಗಳಿಂದ ಅಂದಿನ ಎಣ್ಣೆಯೂ ಬೇಗ ಕಪ್ಪಾಗಬಹುದು. ನೊರೆ ನೋಡಿ. ಬಜ್ಜಿ ಬಿಟ್ಟಾಗ ಏಳುವ ದೊಡ್ಡ ಗುಳ್ಳೆಗಳು ತೇವ ಹೋದಂತೆ ಕಡಿಮೆಯಾಗಬೇಕು. ಸಣ್ಣ ನೊರೆ ಮೇಲೆ ಪದರವಾಗಿ ನಿಂತು, ಬಜ್ಜಿ ತೆಗೆದ ಮೇಲೂ ಆರದಿದ್ದರೆ ಆ ಎಣ್ಣೆ ಕೆಟ್ಟಿದೆ. ಹಿಟ್ಟು ಬಿಡುವ ಮೊದಲೇ ಹೊಗೆಯಾಡುವುದು, ಕಮಟು ವಾಸನೆ, ಜಾರಿಯಿಂದ (ತೂತಿನ ಸೌಟಿನಿಂದ) ಎಣ್ಣೆ ಹನಿಯಾಗಿ ಬೀಳದೆ ಎಳೆಯಾಗಿ ಇಳಿಯುವುದು, ಇವೂ ಅದನ್ನೇ ಹೇಳುತ್ತವೆ. ಮತ್ತೆ ಮತ್ತೆ ಕಾಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳ (ಎಣ್ಣೆ ಕೆಟ್ಟಂತೆ ಹೆಚ್ಚುವ ಅಂಶಗಳ) ಒಟ್ಟು ಪ್ರಮಾಣ ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬುದು ದೇಶದ ಆಹಾರ ಸುರಕ್ಷತಾ ನಿಯಮ. ಮಾರ್ಗದರ್ಶಿಗಳು ಇದನ್ನು ಅಳೆಯುವ ಪರೀಕ್ಷಾ ಪಟ್ಟಿ ತಂದು ಗಾಡಿಯ ಮುಂದೆ ಹಿಡಿಯುವುದು ಮಾತ್ರ ಸರಿಯಲ್ಲ. ನೊರೆ ಕಂಡರೆ ಸುಮ್ಮನೆ ಮುಂದಿನ ಗಾಡಿಗೆ ಹೋಗಿ.

ಎಣ್ಣೆ ಒಳ್ಳೆಯದಿದ್ದೂ ಬಜ್ಜಿ ಎಣ್ಣೆ ಕುಡಿದಿದ್ದರೆ ಕಾರಣ ಬೇರೆ: ಸೋಡಾ ಹೆಚ್ಚಾಗಿದೆ, ಹಿಟ್ಟು ತೆಳುವಾಗಿದೆ ಅಥವಾ ಎಣ್ಣೆ ಸರಿಯಾಗಿ ಕಾಯುವ ಮುಂಚೆ ಬಿಟ್ಟಿದ್ದಾರೆ. ಒಮ್ಮೆಗೇ ಬಾಣಲೆ ತುಂಬ ಬಜ್ಜಿ ಬಿಟ್ಟರೂ ಎಣ್ಣೆಯ ಕಾವು ಇಳಿದು ಹೀಗೇ ಆಗುತ್ತದೆ. ಬಜ್ಜಿಯನ್ನು ಹಳೇ ಪೇಪರಿನಲ್ಲಿ ಸುತ್ತಿಸಿಕೊಳ್ಳಬೇಡಿ, ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಅಂಟುತ್ತದೆ. ಎಲೆ ಅಥವಾ ಸ್ಟೀಲ್ ತಟ್ಟೆ ಕೇಳಿ.

ಪ್ರಶ್ನೆ: ಗೋಬಿ ಮಂಚೂರಿ ಕೇಳುವ ಮಕ್ಕಳಿಗೆ ಏನು ಹೇಳುವುದು?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕೊಡಿಸಿ, ಬಣ್ಣ ಹಾಕದ್ದನ್ನು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಬೆರಳಿಗೆ ಅಂಟಿ ತೊಳೆದರೂ ಹೋಗದ ಕಡುಗೆಂಪು ಕಂಡರೆ ಬೇಡ ಎನ್ನಿ. ಬಣ್ಣ ಹಾಕದ ಗೋಬಿ ಕಂದು ಬಣ್ಣಕ್ಕಿರುತ್ತದೆ.

ಪ್ರಶ್ನೆ: ಒಂದೇ ಸಂಜೆಯಲ್ಲಿ ಧಾರವಾಡದ ಪೇಢಾವನ್ನೂ ಸೇರಿಸಬಹುದೇ? ಊರಿಗೆ ಒಯ್ದರೆ ಎಷ್ಟು ದಿನ ತಡೆಯುತ್ತದೆ?
(ಸಪ್ತಾಪುರ, ಧಾರವಾಡ)

ಉತ್ತರ: ಸಂಜೆಗೆ ತುರುಕಬೇಡಿ. ಎರಡೂ ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ಇದೆ, ಹೋಗಿಬರುವುದರಲ್ಲೇ ಹೊತ್ತು ಮುಗಿಯುತ್ತದೆ. ಬೆಳಿಗ್ಗೆ ಧಾರವಾಡ, ಸಂಜೆ ಹುಬ್ಬಳ್ಳಿ, ನಡುವೆ ಚಿಗರಿ ಬಸ್ಸು ಎಂದು ಒಂದು ದಿನದ ಕಾರ್ಯಕ್ರಮ ಮಾಡಿ. ಲೈನ್ ಬಜಾರಿನಲ್ಲಿ ಉತ್ತರ ಪ್ರದೇಶದ ಉನ್ನಾವೊದಿಂದ ಬಂದು ನೆಲೆಸಿದ ಠಾಕೂರ್ ಮನೆತನದ ಹಳೆಯ ಅಂಗಡಿಯಿದೆ. ಬೇಗ ಹೋಗಿ, ಸಾಲು ಬೆಳೆಯುತ್ತದೆ, ಸರಕು ಮುಗಿಯುವುದೂ ಉಂಟು.

ಪೇಢಾದ ಕಂದು ಬಣ್ಣ ಬರುವುದು ಖೋವಾವನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕೈ ಬಿಡದೆ ಹುರಿಯುವುದರಿಂದ. ಹುರಿದಷ್ಟೂ ನೀರಿನಂಶ ಕಡಿಮೆಯಾಗುತ್ತದೆ, ಆದ್ದರಿಂದಲೇ ಬಿಳಿ ಪೇಢಾಕ್ಕಿಂತ ಇದು ಹೆಚ್ಚು ದಿನ ತಡೆಯುತ್ತದೆ. ತಂಪು ಹವೆಯಲ್ಲಿ ಹೊರಗೆ ಒಂದು ವಾರ ಇರುತ್ತದೆ, ಬೇಸಿಗೆಯಲ್ಲಿ ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಬಿಸಿ ಇರುವಾಗ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆ ನೀರಾಗಿ, ಮೇಲಿನ ಸಕ್ಕರೆ ಕರಗಿ, ಬೂಸಲು ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ತಿನ್ನುವ ಅರ್ಧ ತಾಸು ಮೊದಲು ಹೊರಗಿಡಿ.

ಪ್ರಶ್ನೆ: ವ್ಯಾಪಾರಿಗಳು ಗುಂಪು ಕಂಡರೆ ಬೇಸರ ಮಾಡಿಕೊಳ್ಳುತ್ತಾರೆ, ಫೋಟೊ ಬೇಡ ಎನ್ನುತ್ತಾರೆ. ಅವರಿಗೆ ಹೆಚ್ಚಿನ ಹಣ ಕೊಡಬೇಕೇ?
(ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಬೇಸರಕ್ಕೆ ಕಾರಣವಿದೆ. ಮೂರು ಪ್ಲೇಟು ತೆಗೆದುಕೊಂಡು ಎಂಟು ಜನ ಇಪ್ಪತ್ತು ನಿಮಿಷ ನಿಂತರೆ ಅವರ ವ್ಯಾಪಾರ ಕೆಡುತ್ತದೆ. ಹಿಂದಿನ ದಿನವೇ ಹೋಗಿ, “ಅಣ್ಣಾರ, ನಾಳೆ ಆರೂವರೆಗೆ ಎಂಟು ಮಂದಿ ಬರ್ತೀವಿ, ಇಷ್ಟು ಬೇಕು” ಎಂದು ಹೇಳಿ ಮುಂಗಡ ಕೊಡಿ. ಹಂಚಿ ತಿಂದರೂ ಅವರ ಹೊತ್ತಿಗೆ ಸೇರಿಸಿ ಹಣ ಕೊಡುವುದು ನ್ಯಾಯ. ಆ ಮೊತ್ತವನ್ನು ನಡಿಗೆಯ ಶುಲ್ಕದಲ್ಲೇ ಸೇರಿಸಿಕೊಳ್ಳಿ. ಅತಿಥಿಗಳ ಮುಂದೆ ಚೌಕಾಶಿ ಬೇಡವೇ ಬೇಡ. ಫೋಟೊಕ್ಕೆ ಮೊದಲು ಕೇಳಿ. ಕೈ, ಬಾಣಲೆ ತೆಗೆಯಲು ಒಪ್ಪುವವರು ಮುಖ ತೆಗೆಯಲು ಒಪ್ಪದಿರಬಹುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ವ್ಯಾಪಾರದ ರಕ್ಷಣೆ ಕೊಟ್ಟಿದೆ. ಪಾಲಿಕೆಯ ಪ್ರಮಾಣಪತ್ರ, ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆ ಇರುವವರನ್ನು ಆರಿಸಿಕೊಂಡರೆ ನಿಮಗೂ ನಿಶ್ಚಿಂತೆ.

ಪ್ರಶ್ನೆ: ಸಾವಜಿ ಊಟ (ಸಾವಜಿ ಸಮುದಾಯದ ಖಾರದ ಮಾಂಸದೂಟ), ರೊಟ್ಟಿ ಊಟ ತೋರಿಸದಿದ್ದರೆ ಹುಬ್ಬಳ್ಳಿ ತೋರಿಸಿದಂತಾಗುತ್ತದೆಯೇ?
(ಲಕ್ಷ್ಮೇಶ್ವರ, ಗದಗ ಜಿಲ್ಲೆ)

ಉತ್ತರ: ಅವೆರಡೂ ಖಾನಾವಳಿಯಲ್ಲಿ ಕೂತು ಉಣ್ಣುವ ಊಟ. ಗಿರಮಿಟ್-ಮಿರ್ಚಿ ತಿಂದ ಹೊಟ್ಟೆಗೆ ಅವುಗಳ ರುಚಿ ತಿಳಿಯುವುದಿಲ್ಲ. ಮಧ್ಯಾಹ್ನಕ್ಕೆ ಬೇರೆಯಾಗಿ ಇಟ್ಟುಕೊಳ್ಳಿ. ಸಾವಜಿ ಖಾನಾವಳಿಯಲ್ಲಿ ಮಟನ್ ರಸ್ಸಾ, ಖೈಮಾ ಉಂಡಿ ತರಿಸಿ, ರಸ್ಸಾವನ್ನು ಬೇರೆ ಬಟ್ಟಲಿನಲ್ಲಿ ಕೇಳಿ. ಖಾರ ತಡೆಯುವಷ್ಟು ಅತಿಥಿಗಳೇ ಹಾಕಿಕೊಳ್ಳಲಿ. ರೊಟ್ಟಿ ಊಟದಲ್ಲಿ ಬಿಸಿ ರೊಟ್ಟಿ, ಕಡಕ್ ರೊಟ್ಟಿ ಎರಡನ್ನೂ ತರಿಸಿ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಗಟ್ಟಿ ಮೊಸರು ಜೊತೆಗಿರಲಿ. ಹಿಂಡಿಗೆ ಮೊಸರು ಅಥವಾ ಎಣ್ಣೆ ಕಲಸಿಕೊಳ್ಳಬೇಕೆಂದು ಮೊದಲೇ ಹೇಳಿಕೊಡಿ. ಒಣ ಹಿಂಡಿಯನ್ನೇ ಬಾಯಿಗೆ ಹಾಕಿಕೊಂಡು ಕೆಮ್ಮುವವರು ಬಹಳ. ಮಧ್ಯಾಹ್ನ ಒಂದರೊಳಗೆ ಹೋದರೆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಉಣ್ಣಬಹುದು, ಮೂರರ ನಂತರ ಹೋದರೆ ಪಲ್ಯ ತಳ ಕಂಡಿರುತ್ತದೆ.