ತಮ್ಮನ ಬೆಟ್ಟಿಂಗ್ ಸಾಲಕ್ಕೆ ಬಳೆ ಅಡ ಇಡಲೇ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಮೊಬೈಲ್‌ನಲ್ಲಿ ರಮ್ಮಿ ಆಡುತ್ತಿದ್ದ. ಆಪ್ ಬಂದ್ ಆದ ಮೇಲೆ ಕ್ರಿಕೆಟ್ ಬೆಟ್ಟಿಂಗ್ ಹಿಡಿದಿದ್ದಾನೆ. ಒಮ್ಮೆ 80 ಸಾವಿರ, ಇನ್ನೊಮ್ಮೆ ಚೀಟಿ ಎತ್ತಿ ಒಂದೂವರೆ ಲಕ್ಷ ಕೊಟ್ಟೆ. ಈಗ ಮತ್ತೆ 3 ಲಕ್ಷ ಕೇಳುತ್ತಿದ್ದಾನೆ. ‘ಇದೇ ಕೊನೆ ಅಕ್ಕಾ, ಇಲ್ಲಾಂದ್ರೆ ನಾನು ಉಳಿಯಲ್ಲ’ ಅಂತಾನೆ. ನಮ್ಮ ಯಜಮಾನರಿಗೆ ಗೊತ್ತಿಲ್ಲ. ಅಮ್ಮನಿಗೆ ಬಿಪಿ, ಹೇಳಲೇಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಬಳೆ ಅಡ ಇಟ್ಟು ಕೊಡಲೇ?
– ಹೆಸರು ಬೇಡ, ತುಮಕೂರು

ಉತ್ತರ: ಅಡ ಇಡಬೇಡಿ. ಹಾಗಂತ ‘ಉಳಿಯಲ್ಲ’ ಅಂದಿದ್ದನ್ನು ನಾಟಕ ಅಂತ ತಳ್ಳಿಹಾಕಲೂ ಬೇಡಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಆಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನು ಸಾಲ. ನೀವು ಎರಡು ಸಲ ಕೊಟ್ಟಿದ್ದು ಎಲ್ಲಿ ಹೋಯಿತು, ಕೇಳಿದ್ದೀರಾ? ಸ್ವಲ್ಪ ಸಾಲಕ್ಕೆ ಕಟ್ಟಿ ಉಳಿದದ್ದನ್ನು ಮತ್ತೆ ಆಡಿರುತ್ತಾನೆ ಅಂತ ನನ್ನ ಅಂದಾಜು. ಹೋದದ್ದನ್ನು ಆಡಿಯೇ ವಾಪಸ್ ತರಬೇಕು ಅನ್ನುವ ಹಟ ಜೂಜಿನಲ್ಲಿ ಮಾಮೂಲಿ. ‘ಇದೇ ಕೊನೆ’ ಅನ್ನುವುದೂ ಸುಳ್ಳಲ್ಲ, ಆ ಗಳಿಗೆಯಲ್ಲಿ ಅವನೂ ಅದನ್ನು ನಂಬಿರುತ್ತಾನೆ. ಅದಕ್ಕೇ ಕಷ್ಟ.

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಒಳ್ಳೆಯದೇ ಆಯಿತು. ಆದರೆ 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಏನಾಯಿತು ನೆನಪಿದೆ ಅಲ್ವಾ? ಪ್ಯಾಕೆಟ್ ಕುಡಿಯುತ್ತಿದ್ದವರು ವೈನ್ ಶಾಪ್ ಮುಂದೆ ಕ್ವಾರ್ಟರ್‌ಗೆ ನಿಂತರು. ನಿಮ್ಮ ತಮ್ಮನೂ ಆಪ್ ಬಿಟ್ಟು ಬುಕ್ಕಿ ಕೈಗೆ ಸಿಕ್ಕಿದ್ದಾನೆ. ಆ ಕಾಯ್ದೆಯಲ್ಲಿ ಜೈಲು ಆಡಿಸುವವರಿಗೆ, ಆಡಿದವರಿಗಲ್ಲ. ಬುಕ್ಕಿ ಜೊತೆ ಬೆಟ್ಟಿಂಗ್ ಮೊದಲಿಂದಲೂ ಅಪರಾಧವೇ. ಆದರೂ ಡಾಕ್ಟರ್ ಹತ್ತಿರ ಹೋಗಲು ಹೆದರಬೇಕಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಇದು ಚಿಕಿತ್ಸೆ ಇರುವ ಕಾಯಿಲೆ.

ಭಾನುವಾರ ಅವನನ್ನು ಕೂರಿಸಿಕೊಂಡು ನೋಟ್‌ಬುಕ್‌ನಲ್ಲಿ ಬರೆಸಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು. ಫೋನ್ ಪಕ್ಕದಲ್ಲಿರಲಿ, ದುಡ್ಡು ಕಳಿಸಿದ ಲೆಕ್ಕ ಅದರಲ್ಲೇ ಇರುತ್ತದೆ. ಮೊದಲ ಪಟ್ಟಿಯನ್ನು ಸುಮ್ನೆ ನಂಬಬೇಡಿ. ನನ್ನ ಹತ್ತಿರ ಬಂದಿದ್ದ ಹುಡುಗನೊಬ್ಬ 3 ಲಕ್ಷದಿಂದ ಶುರು ಮಾಡಿ, ಮೂರನೇ ಹಾಳೆಗೆ ಬರುವಷ್ಟರಲ್ಲಿ 7 ಲಕ್ಷ ಮುಟ್ಟಿದ್ದ. ಒಡವೆ ಅಡ ಇಟ್ಟ ರಸೀದಿ ಬೈಕ್ ಸೀಟಿನ ಕೆಳಗಿತ್ತು, ಮಳೆಗೆ ನೆಂದು ಅಂಟಿಕೊಂಡಿತ್ತು.

ಸಹಾಯ ಮಾಡಲೇಬೇಕು ಅನ್ನಿಸಿದರೆ ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ ರಸೀದಿ ತಗೊಳ್ಳಿ. ಅವನ ಕೈಗೆ ಬೇಡ. ಲೋನ್ ಆಪ್‌ನವರು ಬೆದರಿಸುತ್ತಿದ್ದರೆ ಸೈಬರ್ ಠಾಣೆಗೆ ದೂರು ಕೊಡಿ.

ಚೀಟಿ ದುಡ್ಡಿನ ವಿಷಯ ಯಜಮಾನರಿಗೆ ಇವತ್ತೇ ಹೇಳಿ. ಬೇರೆಯವರ ಬಾಯಿಂದ ಕೇಳಿದರೆ ಜಾಸ್ತಿ ನೋವಾಗುತ್ತದೆ. ಅಮ್ಮನಿಗೆ ಅವನೇ ಹೇಳಲಿ, ನೀವು ಪಕ್ಕದಲ್ಲಿರಿ. ಆಣೆ ಮುರಿಯಿತು ಅಂತ ಕೊರಗಬೇಡಿ. ‘ಅಕ್ಕನಿಗೆ ಹೇಳಬೇಡ’ ಅಂತ ಅಮ್ಮನಿಂದಲೂ ಆಣೆ ಹಾಕಿಸಿಕೊಂಡು ದುಡ್ಡು ಇಸ್ಕೊಂಡಿರಬಹುದು. ಊರಿಗೆ ಹೋದಾಗ ಅವರ ಸರ ಕೊರಳಲ್ಲಿದೆಯಾ, ನೋಡಿ.